ತುರ್ತಿನ ಹೊತ್ತಿಗೆ ಬಿಲ್ಲು ಯಾರ ಹೆಸರಿಗೆ?

ಆಂಬುಲೆನ್ಸು, ಫೈರ್ ಫೋರ್ಸಿನಂಥ ತುರ್ತು ಸೇವೆಯ ಖರ್ಚನ್ನು ಅದನ್ನು ಬಳಸಿದವನಿಂದಲೇ ವಸೂಲು ಮಾಡಬೇಕೇ? ಬಾವಿಯ ಕಟ್ಟೆಯಿಂದಲೇ ಶುರುಮಾಡೋಣ. ಬೇಸಗೆಯಲ್ಲಿ ಬಾವಿಯ ನೀರು ತಳ ಹಿಡಿಯಿತೆಂದರೆ ಕಾಸರಗೋಡಿನ ಊರುಗಳಲ್ಲಿ ಎರಡು ಕೆಲಸ ಶುರುವಾಗುತ್ತವೆ. ಒಂದು, ಬಾವಿಗಿಳಿದು ಕೆಸರು ತೆಗೆಯುವುದು. ಇನ್ನೊಂದು, ಪೆಟ್ರೋಲಿನಲ್ಲಿ ಓಡುವ ನೀರಿನ ಪಂಪಿಗೆ ಹಗ್ಗ ಕಟ್ಟಿ ಒಳಗಿಳಿಸಿ ಉಳಿದ ನೀರೆತ್ತುವುದು. ಎರಡರಲ್ಲೂ ಜೀವ ಹೋಗುವುದು ಗಾಳಿಯಿಂದ, ನೀರಿನಿಂದಲ್ಲ.

ಕೆಂಪುಕಲ್ಲಿನ ಬಾವಿ ಹದಿನೈದು ಇಪ್ಪತ್ತು ಕೋಲು ಆಳವಿದ್ದರೆ ತಳದ ಗಾಳಿ ತಾನಾಗಿ ಮೇಲೆ ಬರುವುದಿಲ್ಲ. ಬಿದ್ದ ಎಲೆ ಕೊಳೆತು ಆಮ್ಲಜನಕ ಕಡಿಮೆಯಾಗುತ್ತದೆ, ಭಾರದ ಇಂಗಾಲದ ಡೈಆಕ್ಸೈಡ್ ಕೆಳಗೆ ನಿಲ್ಲುತ್ತದೆ. ಹಿರಿಯರು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು, ಅದು ಸರಿಯೇ. ಆದರೆ ದೀಪ ಉರಿದರೆ ಇಳಿಯಬಹುದು ಎನ್ನುವುದು ಸರಿಯಲ್ಲ. ಪೆಟ್ರೋಲು ಪಂಪು ಒಳಗೆ ಓಡಿದ್ದರೆ ಅದರ ಹೊಗೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದೀಪ ಚೆನ್ನಾಗಿ ಉರಿಯುತ್ತಿರುವಾಗಲೇ ಮನುಷ್ಯ ಕುಸಿದು ಬೀಳುತ್ತಾನೆ.

ಇಂಥ ಅವಘಡದಲ್ಲಿ ಸಾಯುವವನು ಬಹಳ ಸಲ ಒಬ್ಬನಲ್ಲ. ಕೆಳಗೆ ಬಿದ್ದವನನ್ನು ಎತ್ತಲು ಅಣ್ಣನೋ ನೆರೆಯವನೋ ಇಳಿಯುತ್ತಾನೆ, ಅವನೂ ಅಲ್ಲೇ ಬೀಳುತ್ತಾನೆ. ಫೈರ್ ಫೋರ್ಸಿನವರು ಬೆನ್ನಿಗೆ ಕಟ್ಟಿಕೊಂಡು ಇಳಿಯುವ ಉಸಿರಾಟದ ಸಿಲಿಂಡರು ಸಾಮಾನ್ಯವಾಗಿ 6 ಲೀಟರಿನದು, 300 ಬಾರ್ ಒತ್ತಡದಲ್ಲಿ ತುಂಬಿದ್ದು. ಅಂದರೆ ಸುಮಾರು 1,800 ಲೀಟರ್ ಗಾಳಿ. ಮೈಮುರಿದು ಕೆಲಸ ಮಾಡುವವನಿಗೆ ನಿಮಿಷಕ್ಕೆ 40 ಲೀಟರ್ ಬೇಕು, ಹಾಗಾಗಿ ಮುಕ್ಕಾಲು ಗಂಟೆ. ಅದರಲ್ಲಿ ಕೊನೆಯ ಭಾಗ ಮೇಲೆ ಹತ್ತಿ ಬರುವುದಕ್ಕೆಂದೇ ಮೀಸಲು. ಗಾಳಿ ಮುಗಿಯುತ್ತ ಬಂದಾಗ ಸೀಟಿ ಊದುತ್ತದೆ. ಅವರು ಬರುವ ತನಕ ಮೇಲಿದ್ದವರು ಮಾಡಬಹುದಾದದ್ದು ಇಷ್ಟೆ: ಪಂಪು ನಿಲ್ಲಿಸುವುದು, ಕೆಳಗಿದ್ದವನಿಗೆ ಎಚ್ಚರವಿದ್ದರೆ ಕುಣಿಕೆ ಹಾಕಿದ ಹಗ್ಗ ಬಿಡುವುದು, ಸೊಪ್ಪಿನ ದೊಡ್ಡ ಕಟ್ಟೊಂದನ್ನು ಹಗ್ಗಕ್ಕೆ ಬಿಗಿದು ಮೇಲೆ ಕೆಳಗೆ ಆಡಿಸಿ ಗಾಳಿ ಕಲಕುವುದು, 101ಕ್ಕೆ ಕರೆ ಮಾಡುವುದು. ಗಾಳಿ ಕಲಕಿದೆ ಎಂದು ಒಳಗೆ ಇಳಿಯಬೇಡಿ.

ಈಗ ಆ 101ರ ಕರೆಗೆ 5,000 ರೂಪಾಯಿ ಬಿಲ್ಲು ಇದೆ ಎಂದು ಇಟ್ಟುಕೊಳ್ಳೋಣ. ಬಾವಿಯ ಕಟ್ಟೆಯ ಮೇಲೆ ನಿಂತ ನಾಲ್ಕು ಮಂದಿ ಮೊದಲು ಏನು ಮಾಡುತ್ತಾರೆ? "ಒಂದು ನಿಮಿಷ ನಿಲ್ಲಿ, ನಾನೇ ಇಳಿದು ನೋಡುತ್ತೇನೆ" ಎನ್ನುವವನು ಒಬ್ಬ ಇದ್ದೇ ಇರುತ್ತಾನೆ. ತುರ್ತು ಸೇವೆಗೆ ಬಿಲ್ಲು ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಜಮಾಖರ್ಚಿನ ಮಾತು ಬೇಕಾದಷ್ಟು ಬರುತ್ತದೆ, ಈ ಒಂದು ನಿಮಿಷದ ಮಾತು ಬರುವುದೇ ಇಲ್ಲ. ಬಿಲ್ಲಿನ ಹೆದರಿಕೆ ಸೇವೆಯ ಬೇಡಿಕೆಯನ್ನು ಕಡಿಮೆ ಮಾಡುವುದಿಲ್ಲ, ತಡ ಮಾಡುತ್ತದೆ. ತಡವಾಗಿ ಬಂದ ಕರೆ ಯಾವಾಗಲೂ ಹೆಚ್ಚು ಖರ್ಚಿನದು. ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ, ಮುಳಿಹುಲ್ಲಿಗೆ ಹತ್ತಿದ ಬೆಂಕಿ ಹತ್ತು ಸೆಂಟ್ಸಿನಲ್ಲಿದ್ದಾಗ ಹಸಿ ಸೊಪ್ಪಿನಿಂದ ಬಡಿದು ಆರಿಸಬಹುದು. ಗೇರು ತೋಟಕ್ಕೆ ದಾಟಿದ ಮೇಲೆ 4,500 ಲೀಟರಿನ ಟ್ಯಾಂಕರಿನ ನೀರು ಒಂದೇ ಕೊಳವೆಯಲ್ಲಿ ನಿಮಿಷಕ್ಕೆ 450 ಲೀಟರಿನಂತೆ ಬಿಟ್ಟರೂ ಹತ್ತೇ ನಿಮಿಷಕ್ಕೆ ಮುಗಿಯುತ್ತದೆ. ಆ ಮೇಲೆ ನೀರು ತುಂಬಿಸಲು ಹೊಳೆ ಹುಡುಕಬೇಕು. ಮಾರ್ಚಿ ತಿಂಗಳಲ್ಲಿ ಹೊಳೆಯಲ್ಲಿ ನೀರೆಲ್ಲಿ?

"ಬಳಸಿದವನೇ ಕೊಡಲಿ" ಎಂಬ ವಾದ ಕೇರಳದಲ್ಲಿ ಆಗಾಗ ತಲೆ ಎತ್ತುತ್ತದೆ. 2022ರ ಫೆಬ್ರವರಿಯಲ್ಲಿ ಮಲಂಪುಳದ ಕುರುಂಬಾಚಿ ಬೆಟ್ಟದ ಬಂಡೆಯ ಸಂದಿಯಲ್ಲಿ ಸಿಕ್ಕಿಬಿದ್ದ ಯುವಕನನ್ನು ಸೇನೆಯವರು ಎತ್ತಿದಾಗ ಈ ಮಾತು ಜೋರಾಗಿ ಕೇಳಿತ್ತು. 2024ರ ಕೊನೆಗೆ ಅದೇ ಪ್ರಶ್ನೆ ರಾಜ್ಯದ ಮಟ್ಟಕ್ಕೇ ಬಂತು. 2006ರಿಂದ ವಯನಾಡಿನ ಭೂಕುಸಿತದವರೆಗೆ ವಿಮಾನ, ಹೆಲಿಕಾಪ್ಟರುಗಳಿಂದ ಮಾಡಿದ ರಕ್ಷಣಾ ಕಾರ್ಯಕ್ಕೆ 132.62 ಕೋಟಿ ರೂಪಾಯಿ ಕೊಡಬೇಕೆಂದು ಕೇಂದ್ರವು ಕೇರಳಕ್ಕೆ ಬರೆಯಿತು. ಅಷ್ಟು ಹಳೆಯ ಬಿಲ್ಲುಗಳನ್ನು ಈಗ ಎತ್ತಿದ್ದು ಯಾಕೆ ಎಂದು ಕೇರಳ ಹೈಕೋರ್ಟು ಕೇಳಿತು. ಈ ಲೆಕ್ಕದಲ್ಲಿ ಒಂದು ಅಂಶವನ್ನು ಮಾತ್ರ ಹೇಳುತ್ತೇನೆ: ಬಿಲ್ಲು ಹೋದದ್ದು ಸರಕಾರದಿಂದ ಸರಕಾರಕ್ಕೆ. ವಯನಾಡಿನ ಚೂರಲ್‌ಮಲೆಯಲ್ಲಿ ಮನೆ ಕಳೆದುಕೊಂಡವರ ಕೈಗೆ ಯಾರೂ ಚೀಟಿ ಕೊಡಲಿಲ್ಲ. ಸರಕಾರಗಳು ತಮ್ಮೊಳಗೆ ಎಷ್ಟು ಬೇಕಾದರೂ ಜಗಳವಾಡಲಿ. ಮಲಗಿದವನ ಹಾಸಿಗೆಯ ಬಳಿಗೆ ಬಿಲ್ಲು ಬರಬಾರದು ಎನ್ನುವುದಷ್ಟೇ ನನ್ನ ವಾದ.

"ತೆರಿಗೆದಾರನ ಹಣ" ಎಂದಾಗ ಕಣ್ಣೆದುರು ಬರುವುದು ಆದಾಯ ತೆರಿಗೆ ಕಟ್ಟುವವನ ಮುಖ. ಕುಂಬಳೆಯಲ್ಲಿ ಬೀಡಿ ಕಟ್ಟುವ ಹೆಂಗಸು ಸೋಪು, ಹಲ್ಲುಪುಡಿ, ಮೊಬೈಲ್ ರೀಚಾರ್ಜು ಎಲ್ಲದಕ್ಕೂ ತೆರಿಗೆ ಕೊಟ್ಟೇ ಕೊಳ್ಳುತ್ತಾಳೆ. ಅವಳ ಗಂಡನ ಸ್ಕೂಟರಿನ ಪೆಟ್ರೋಲಿನಲ್ಲಿ ಕೇಂದ್ರದ ತೆರಿಗೆ, ರಾಜ್ಯದ ತೆರಿಗೆ, ಸೆಸ್ಸು ಎಲ್ಲ ಇವೆ. ಅವಳು ಆಗಲೇ ಕೊಟ್ಟಿದ್ದಾಳೆ. ಎದೆನೋವು ಬಂದ ದಿನ ಅವಳಿಂದ ಮತ್ತೊಮ್ಮೆ ಕೇಳುವುದು ಒಂದೇ ಸಾಮಾನಿಗೆ ಎರಡು ಸಲ ದುಡ್ಡು ತೆಗೆದಂತೆ.

ಆಂಬುಲೆನ್ಸಿನ ಖರ್ಚು ಎಲ್ಲಿ ಬೀಳುತ್ತದೆ ಎಂದು ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಒಂದು ಗಾಡಿ ಹಗಲೂ ರಾತ್ರಿ ಸಿದ್ಧವಿರಬೇಕಾದರೆ ವಾರಕ್ಕೆ 168 ಗಂಟೆ. ಒಬ್ಬ ಚಾಲಕ ವಾರಕ್ಕೆ 48 ಗಂಟೆ ದುಡಿದರೆ ಮೂರೂವರೆ ಮಂದಿ, ರಜೆ ಕಾಯಿಲೆ ಸೇರಿದರೆ ನಾಲ್ವರು. ಜತೆಗೆ ಅಷ್ಟೇ ಮಂದಿ ತಂತ್ರಜ್ಞರು ಅಥವಾ ನರ್ಸುಗಳು. ಎಂಟು ಸಂಬಳ, ಗಾಡಿಯ ವಿಮೆ, ಟಯರು, ಯಂತ್ರಗಳ ಬ್ಯಾಟರಿ, ಅವಧಿ ಮುಗಿದ ಔಷಧಿಯ ಬದಲಾವಣೆ, ಇವೆಲ್ಲ ಆ ದಿನ ಕರೆ ಬಂದರೂ ಬಾರದಿದ್ದರೂ ಆಗುವ ಖರ್ಚು. ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಬರುವ 100 ಕಿಲೋಮೀಟರಿಗೆ ಡೀಸೆಲು ಸುಮಾರು 10 ಲೀಟರ್, ಸಾವಿರ ರೂಪಾಯಿಯ ಆಸುಪಾಸು. ಅಂದರೆ ರೋಗಿಯಿಂದಾಗಿ ಹೆಚ್ಚಾಗುವ ಖರ್ಚು ಅಲ್ಪ. ಉಳಿದದ್ದು ಸಿದ್ಧತೆಯ ಬೆಲೆ. ಆ ಸಿದ್ಧತೆಯ ಪ್ರಯೋಜನ ಇಡೀ ಊರಿಗೆ, ಅದನ್ನು ಆ ವಾರ ಹೃದಯಾಘಾತವಾದ ಮೂವರ ಮೇಲೆ ಹಂಚುವುದು ಯಾವ ಲೆಕ್ಕದಲ್ಲೂ ಸರಿಹೋಗುವುದಿಲ್ಲ.

ಇಷ್ಟು ಹೇಳಿದ ಮೇಲೂ ಕಾಸರಗೋಡಿನ ಜನ ಬಿಲ್ಲು ಕೊಡುತ್ತಲೇ ಇದ್ದಾರೆ. ಸರಕಾರದ 108 ಇದೆ, ಕೇರಳದಲ್ಲಿ ಅದರ ಹೆಸರು ಕನಿವ್, 2019ರಲ್ಲಿ ಶುರುವಾದದ್ದು, ಉಚಿತ. ಆದರೆ ಅದು ಸಾಮಾನ್ಯವಾಗಿ ಒಯ್ಯುವುದು ಹತ್ತಿರದ ಸೂಕ್ತ ಸರಕಾರಿ ಆಸ್ಪತ್ರೆಗೆ. ನಮ್ಮ ಗಂಭೀರ ರೋಗಿಗಳ ದಾರಿ ಮಾತ್ರ ಬೇರೆ. ಜನರಲ್ ಆಸ್ಪತ್ರೆಯಲ್ಲಿ "ರೆಫರ್" ಎಂದು ಬರೆದರೆ ಉತ್ತರಕ್ಕೆ ಮಂಗಳೂರು ಸುಮಾರು 50 ಕಿಲೋಮೀಟರ್, ದಕ್ಷಿಣಕ್ಕೆ ಪರಿಯಾರದ ಸರಕಾರಿ ಮೆಡಿಕಲ್ ಕಾಲೇಜು ಅದಕ್ಕಿಂತ ದೂರ. ಉಕ್ಕಿನಡ್ಕದಲ್ಲಿ ನಮ್ಮದೇ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಈ ಜಿಲ್ಲೆಯ ಜನ ಮಂಗಳೂರಿನ ದಾರಿಯಲ್ಲಿ ಕೊಟ್ಟ ಬಾಡಿಗೆಯೇ ಒಂದು ದೊಡ್ಡ ತೆರಿಗೆ, ಯಾವ ಬಜೆಟ್ಟಿನಲ್ಲೂ ಕಾಣದ ತೆರಿಗೆ.

ಆ ಬಾಡಿಗೆಗೆ ಕೇರಳ ಸರಕಾರ 2024ರಲ್ಲಿ ದರ ನಿಗದಿ ಮಾಡಿದೆ. ಇದನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ವೆಂಟಿಲೇಟರು, ತಂತ್ರಜ್ಞರಿರುವ ಐಸಿಯು ಗಾಡಿ ಡಿ ದರ್ಜೆ: ಮೊದಲ 20 ಕಿಲೋಮೀಟರಿಗೆ 2,500 ರೂಪಾಯಿ, ಆಮೇಲೆ ಕಿಲೋಮೀಟರಿಗೆ 50. ಆಮ್ಲಜನಕವಿರುವ ಎಸಿ ಟ್ರಾವೆಲರ್ ಸಿ ದರ್ಜೆ: 1,500 ಮತ್ತು 40. ಎಸಿ ಇಲ್ಲದ ಟ್ರಾವೆಲರ್ ಬಿ ದರ್ಜೆ: 1,000 ಮತ್ತು 30. ಓಮ್ನಿ, ಈಕೊದಂಥ ಸಣ್ಣ ಗಾಡಿ ಎ ದರ್ಜೆ: ಎಸಿ ಇದ್ದರೆ 800 ಮತ್ತು 25, ಇಲ್ಲದಿದ್ದರೆ 600 ಮತ್ತು 20. ಆ ಮೊದಲ 20 ಕಿಲೋಮೀಟರಿನಲ್ಲಿ ಹೋಗುವುದೂ ಬರುವುದೂ ಸೇರಿದೆ. ಕಾಯುವ ಮೊದಲ ಒಂದು ಗಂಟೆಗೆ ಹಣವಿಲ್ಲ, ಆಮೇಲೆ ಗಂಟೆಗೆ ಡಿ ದರ್ಜೆಗೆ 350, ಅದಕ್ಕಿಂತ ಕೆಳಗಿನವಕ್ಕೆ 200, ಎಸಿ ಇಲ್ಲದ ಸಣ್ಣ ಗಾಡಿಗೆ 150. ಡಿ ದರ್ಜೆಯಲ್ಲಿ ಬಿಪಿಎಲ್ ಕುಟುಂಬಕ್ಕೆ 20 ಶೇಕಡಾ ರಿಯಾಯಿತಿ; ಕ್ಯಾನ್ಸರ್ ರೋಗಿಗಳಿಗೂ 12 ವರ್ಷದೊಳಗಿನ ಮಕ್ಕಳಿಗೂ ಕಿಲೋಮೀಟರಿಗೆ 2 ರೂಪಾಯಿ ಕಡಿಮೆ.

ಕಾಸರಗೋಡಿನಿಂದ ಮಂಗಳೂರಿಗೆ ಲೆಕ್ಕ ಹಾಕಿ. ಹೋಗಿ ಬರಲು 100, ಅದರಲ್ಲಿ 20 ಕಳೆದರೆ 80. ಐಸಿಯು ಗಾಡಿಗೆ 80ನ್ನು 50ರಿಂದ ಗುಣಿಸಿದರೆ 4,000, ಮೊದಲಿನ 2,500 ಸೇರಿ 6,500 ರೂಪಾಯಿ. ರೇಷನ್ ಕಾರ್ಡು ಬಿಪಿಎಲ್ ಆಗಿದ್ದರೆ 5,200. ಸಿ ದರ್ಜೆಗೆ 4,700, ಎಸಿಯಿಲ್ಲದ ಸಣ್ಣ ಗಾಡಿಗೆ 2,200. ಇದಕ್ಕಿಂತ ಹೆಚ್ಚು ಕೇಳಿದರೆ ಹೊರಡುವಾಗಿನ ಮತ್ತು ತಲುಪಿದಾಗಿನ ಮೀಟರಿನ ಅಂಕೆ ಬರೆದ ರಶೀದಿ ಕೇಳಿ. ರಶೀದಿಯಲ್ಲಿ ಜಿಎಸ್‌ಟಿ ಎಂಬ ಸಾಲು ಕಂಡರೆ ಅದು ತಪ್ಪು. ಆಂಬುಲೆನ್ಸಿನಲ್ಲಿ ರೋಗಿಯನ್ನು ಸಾಗಿಸುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ.

ಅಗ್ಗದ ಗಾಡಿ ಎಂದು ಹತ್ತುವ ಮುನ್ನ ಆಮ್ಲಜನಕದ ಸಿಲಿಂಡರು ನೋಡಲೇಬೇಕು. ಬಡವರ ಮನೆಯಲ್ಲಿ ಬಿಲ್ಲಿನ ಹೆದರಿಕೆ ಹೇಗೆ ಕೆಲಸ ಮಾಡುತ್ತದೆ ಎನ್ನುವುದು ಇಲ್ಲಿ ಗೊತ್ತಾಗುತ್ತದೆ. ಸಣ್ಣ ಗಾಡಿಯಲ್ಲಿ ಇರುವುದು ಹೆಚ್ಚಾಗಿ ಬಿ ಮಾದರಿಯ 10 ಲೀಟರ್ ಸಿಲಿಂಡರು. ಪೂರ್ತಿ ತುಂಬಿದಾಗ ಮೀಟರಿನ ಮುಳ್ಳು 150ರ ಹತ್ತಿರ ನಿಲ್ಲುತ್ತದೆ. ಒಳಗೆ ಎಷ್ಟು ಆಮ್ಲಜನಕ ಇದೆ ಎಂದು ತಿಳಿಯಲು ಸಿಲಿಂಡರಿನ ಲೀಟರನ್ನು ಮುಳ್ಳಿನ ಅಂಕೆಯಿಂದ ಗುಣಿಸಿದರೆ ಸಾಕು: 10ನ್ನು 150ರಿಂದ ಗುಣಿಸಿದರೆ 1,500 ಲೀಟರ್. ಉಸಿರು ತೀರಾ ಕಡಿಮೆಯಾದವನಿಗೆ ಚೀಲವಿರುವ ಮಾಸ್ಕಿನಲ್ಲಿ ನಿಮಿಷಕ್ಕೆ 15 ಲೀಟರ್ ಕೊಡುತ್ತಾರೆ. ಆಗ ತುಂಬಿದ ಸಿಲಿಂಡರು 100 ನಿಮಿಷ. ತಲಪಾಡಿ, ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಪಂಪ್‌ವೆಲ್ಲಿನ ದಟ್ಟಣೆ ಎಲ್ಲ ದಾಟಿ ಒಂದೂವರೆ ಗಂಟೆ ಹಿಡಿದರೆ ಬೇಕಾದದ್ದು 1,350 ಲೀಟರ್, ಅಂದರೆ ತುಂಬಿದ್ದರೂ ಅಂಚಿನಲ್ಲೇ ತಲುಪಿದಂತೆ. ಮುಳ್ಳು 60ರಲ್ಲಿದ್ದರೆ ಒಳಗಿರುವುದು 600 ಲೀಟರ್, 40 ನಿಮಿಷಕ್ಕೆ ಸರಿ. ದಾರಿಯ ಮಧ್ಯೆ ಮುಗಿಯುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಗಾಡಿ ಏರಿಸುವಾಗಲೇ ಮುಳ್ಳು ನೋಡಿ, ಕೀಲಿ ತಿರುಗಿಸಿ ಗಾಳಿ ಬರುವುದನ್ನು ಕಿವಿಯಿಂದ ಕೇಳಿ, ಎರಡನೆಯ ಸಿಲಿಂಡರು ಇದೆಯೇ ಎಂದು ಕೇಳಿ. ಇದನ್ನು ಕೇಳಲು ಸಂಕೋಚ ಬೇಡ.

2,200ರ ಗಾಡಿಗೂ 6,500ರ ಗಾಡಿಗೂ ನಡುವೆ ಇರುವುದು ಇಂಥ ವ್ಯತ್ಯಾಸ. ಸ್ಟ್ರೆಚರಿನ ಪಕ್ಕ ನಿಂತ ಮಗ ಜೇಬು ನೋಡಿ ಯಾವ ಗಾಡಿ ಎಂದು ತೀರ್ಮಾನಿಸುತ್ತಾನೆ. ಆ ತೀರ್ಮಾನ ಅವನದಾಗಬಾರದು, ಡಾಕ್ಟರದಾಗಬೇಕು.

ಗಡಿಯಲ್ಲಿ ಕರೆ ಮಾಡುವುದೇ ಒಂದು ಪಾಠ. ತಲಪಾಡಿ, ಮಂಜೇಶ್ವರ, ವರ್ಕಾಡಿ, ಪೈವಳಿಕೆ, ಎಣ್ಮಕಜೆಯ ಕೆಲವು ಕಡೆ ಮೊಬೈಲು ಹಿಡಿಯುವುದು ಕರ್ನಾಟಕದ ಟವರನ್ನು. ಹಾಗಾದಾಗ 108 ಒತ್ತಿದರೆ ಕರೆ ಕರ್ನಾಟಕದ ಕೇಂದ್ರಕ್ಕೆ ಹೋಗಬಹುದು. ಅದಕ್ಕೇ ಮೊದಲ ವಾಕ್ಯದಲ್ಲಿ ರೋಗಿಯ ಸುದ್ದಿ ಬೇಡ, ಜಾಗ ಹೇಳಿ: "ಕೇರಳ, ಕಾಸರಗೋಡು ಜಿಲ್ಲೆ, ಮಂಜೇಶ್ವರ ತಾಲೂಕು." ಆಮೇಲೆ ಪಂಚಾಯತು, ಹತ್ತಿರದ ಶಾಲೆ ಅಥವಾ ಮಸೀದಿ ಅಥವಾ ದೇವಸ್ಥಾನ, ಗಾಡಿ ಎಲ್ಲಿಯವರೆಗೆ ಬರುತ್ತದೆ, ಅಲ್ಲಿ ಕಾಯುವವರು ಯಾರು. ಕೇರಳದ ಕೇಂದ್ರಕ್ಕೆ ಹೋದ ಕರೆಯನ್ನು ಎತ್ತುವವರಿಗೆ ನಮ್ಮ ಊರುಗಳ ಮಲಯಾಳದ ಉಚ್ಚಾರವೇ ಕಂಪ್ಯೂಟರಿನಲ್ಲಿರುವುದು. ಮಂಜೇಶ್ವರಂ, ಕುಂಬಳ, ಬದಿಯಡುಕ್ಕ, ಪೈವಳಿಗೆ, ಎನ್ಮಗಜೆ, ವೊರ್ಕಾಡಿ ಎಂದು ಹೇಳಿದರೆ ಬೇಗ ಸಿಗುತ್ತದೆ. ನಮ್ಮ ಹೆಸರುಗಳನ್ನು ನಾವು ಬಿಟ್ಟುಕೊಡಬೇಕಾಗಿಲ್ಲ. ಆದರೆ ಉಸಿರಾಡಲು ಕಷ್ಟಪಡುವವನ ಪಕ್ಕದಲ್ಲಿ ಕೂತು ಆ ಹೋರಾಟ ಬೇಡ. ನಾಲ್ಕು ಮಾತು ಮನೆಯ ಅಜ್ಜ ಅಜ್ಜಿಯರಿಗೂ ಕಲಿಸಿ: ಎದೆನೋವಿಗೆ "ನೆಂಜುವೇದನ", ಏದುಸಿರಿಗೆ "ಶ್ವಾಸಂಮುಟ್ಟಲ್", ಎಚ್ಚರ ತಪ್ಪಿದ್ದರೆ "ಬೋಧಮಿಲ್ಲ", ಬಾವಿಗೆ ಬಿದ್ದರೆ "ಕಿಣಟ್ಟಿಲ್ ವೀಣು". ಭಾಷಾ ಅಲ್ಪಸಂಖ್ಯಾತರ ಜಿಲ್ಲೆಯಲ್ಲಿ ತುರ್ತು ಕರೆಯ ಕೇಂದ್ರದಲ್ಲಿ ಕನ್ನಡ ತಿಳಿದವರು ಪ್ರತಿ ಪಾಳಿಯಲ್ಲೂ ಇರಬೇಕು ಎನ್ನುವುದು ನ್ಯಾಯವಾದ ಬೇಡಿಕೆ. ಅದಕ್ಕೂ ನಾವು ತೆರಿಗೆ ಕೊಟ್ಟಿದ್ದೇವೆ.

2020ರ ಮಾರ್ಚಿಯನ್ನು ಇಲ್ಲಿ ಯಾರೂ ಮರೆತಿಲ್ಲ. ಕೋವಿಡ್ ಹೆಸರಿನಲ್ಲಿ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು, ತಲಪಾಡಿಯಲ್ಲಿ ಆಂಬುಲೆನ್ಸುಗಳು ತಿರುಗಿ ಬಂದವು. ಚಿಕಿತ್ಸೆ ಸಿಗದೆ ಹಲವರು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರಸ್ತೆ ತೆರೆಸಲು ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ಕ್ಕೆ ರೋಗಿಗಳನ್ನು ಬಿಡುವ ನಿಯಮಗಳಿಗೆ ಎರಡೂ ರಾಜ್ಯ ಒಪ್ಪಿವೆ ಎಂದಾಯಿತು. ಜೇಬಿನಲ್ಲಿ ಎಷ್ಟೇ ಹಣವಿದ್ದರೂ ಆ ದಿನಗಳಲ್ಲಿ ದಾರಿ ಸಿಗಲಿಲ್ಲ. ಸೇವೆಯನ್ನು ಹಣ ತರುವುದಿಲ್ಲ, ವ್ಯವಸ್ಥೆ ತರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ನಮಗೆ ಬೇಡ.

ಸರಕಾರದ ಬಳಿ ಹಣವಿಲ್ಲ ಎಂಬ ಉತ್ತರಕ್ಕೆ ಸುಪ್ರೀಂ ಕೋರ್ಟು 1996ರಲ್ಲೇ ಬಾಗಿಲು ಹಾಕಿದೆ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕೂಲಿಯೊಬ್ಬನನ್ನು ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆ ಹಾಸಿಗೆ ಇಲ್ಲ, ಸೌಕರ್ಯ ಇಲ್ಲ ಎಂದು ತಿರುಗಿಸಿ ಕಳುಹಿಸಿತು. ಕೊನೆಗೆ ಅವನು ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಕೊಟ್ಟು ಬದುಕಿದ. ಅವನ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ಹಣಕಾಸಿನ ಮುಗ್ಗಟ್ಟು ಅದಕ್ಕೆ ನೆಪವಲ್ಲ ಎಂದು ಕೋರ್ಟು ಹೇಳಿ 25,000 ರೂಪಾಯಿ ಪರಿಹಾರ ಕೊಡಿಸಿತು.

ಬಿಲ್ಲು ಹಾಕಿ ನೋಡಿದ ನಾಡುಗಳೂ ಇವೆ. ಅಮೆರಿಕದ ಟೆನೆಸ್ಸಿಯ ಸೌತ್ ಫುಲ್ಟನ್ ಎಂಬ ಸಣ್ಣ ಪೇಟೆಯ ಅಗ್ನಿಶಾಮಕ ದಳವು ಪೇಟೆಯ ಹೊರಗಿನ ಹಳ್ಳಿಯವರಿಂದ ವರ್ಷಕ್ಕೆ 75 ಡಾಲರ್ ಚಂದಾ ಪಡೆಯುತ್ತಿತ್ತು. 2010ರಲ್ಲಿ ಚಂದಾ ಕಟ್ಟದ ಮನೆಯೊಂದಕ್ಕೆ ಬೆಂಕಿ ಬಿದ್ದಾಗ ಗಾಡಿ ಬಂತು, ಚಂದಾ ಕಟ್ಟಿದ ನೆರೆಯವನ ಹೊಲಕ್ಕೆ ನೀರು ಹೊಡೆಯಿತು, ಮನೆ ಉರಿದು ಬೀಳುವುದನ್ನು ನೋಡುತ್ತ ನಿಂತಿತು. ಆಗ ಎಷ್ಟಾದರೂ ಕೊಡುತ್ತೇನೆ ಎಂದರೂ ಅವರು ಒಪ್ಪಲಿಲ್ಲ. ಬೆಂಕಿ ಬಿದ್ದ ಮೇಲೆ ಕೊಟ್ಟರೆ ಸಾಕು ಎಂದಾದರೆ ಮುಂಚಿತವಾಗಿ ಯಾರೂ ಕಟ್ಟುವುದಿಲ್ಲ. ಚಂದಾದ ಲೆಕ್ಕ ತಾರ್ಕಿಕವಾಗಿ ಹೋಗಿ ನಿಲ್ಲುವುದೇ ಅಲ್ಲಿಗೆ. ಕೆನಡಾದ ಒಂಟೇರಿಯೊ ಮೆದು ದಾರಿ ಹಿಡಿದಿದೆ: ಆಂಬುಲೆನ್ಸಿಗೆ 45 ಡಾಲರ್, ಅಗತ್ಯವೇ ಇರಲಿಲ್ಲ ಎಂದು ಡಾಕ್ಟರು ಹೇಳಿದರೆ 240. ಅದು ದುರ್ಬಳಕೆ ತಡೆಯುತ್ತದೆ ಎನ್ನುತ್ತಾರೆ. ಆದರೆ ಎದೆಯಲ್ಲಿ ಉರಿ ಬಂದಾಗ ಅದು ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕೂತವನಿಗೆ ಹೇಗೆ ಗೊತ್ತು? ಪಾರ್ಶ್ವವಾಯುವಿಗೆ ರಕ್ತದ ಹೆಪ್ಪು ಕರಗಿಸುವ ಮದ್ದು ಕೊಡಬಹುದಾದದ್ದು ನಾಲ್ಕೂವರೆ ಗಂಟೆಯೊಳಗೆ. ಮುಳ್ಳೇರಿಯದ ಒಳಗಿನ ಮನೆಯಿಂದ ಹೊರಟವನಿಗೆ ದಾರಿಗೇ ಎರಡು ಗಂಟೆ ಹೋದರೆ "ಬೆಳಗಾಗಲಿ, ನೋಡೋಣ" ಎನ್ನಲು ಸಮಯ ಉಳಿಯುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಸ್ವಲ್ಪ ಕಾಲ ಕರೆಂಟು ಬಿಲ್ಲಿನ ಜತೆ ಆಂಬುಲೆನ್ಸಿನ ವಂತಿಗೆ ಸೇರಿಸಿ ಎಲ್ಲರಿಂದಲೂ ಎತ್ತಿತು, 2011ರಲ್ಲಿ ಅದನ್ನೂ ತೆಗೆದು ಸರಕಾರದ ಖಜಾನೆಯಿಂದಲೇ ನಡೆಸುತ್ತಿದೆ. ಮೂರರಲ್ಲಿ ನನಗೆ ಒಪ್ಪಿಗೆಯಾಗುವುದು ಇದೊಂದೇ.

ಹಾಗಾದರೆ ಬಿಲ್ಲು ಯಾರಿಗೂ ಬೇಡವೇ? ಬೇಕು, ಸರಿಯಾದವರಿಗೆ ಬೇಕು. ಮಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ಅಡುಗೆ ಅನಿಲದ ಟ್ಯಾಂಕರುಗಳು ನಮ್ಮ ರಾಷ್ಟ್ರೀಯ ಹೆದ್ದಾರಿ 66ರಲ್ಲೇ ಓಡುವುದು. 2012ರ ಆಗಸ್ಟಿನಲ್ಲಿ ಕಣ್ಣೂರಿನ ಚಾಲದಲ್ಲಿ ಟ್ಯಾಂಕರು ಮಗುಚಿ ಸಿಡಿದದ್ದನ್ನು ಈ ಕರಾವಳಿ ಕಂಡಿದೆ. ಒಂದು ಟ್ಯಾಂಕರು ಮಗುಚಿದರೆ ರಸ್ತೆ ಮುಚ್ಚಬೇಕು, ಸುತ್ತಲಿನ ಕರೆಂಟು ತೆಗೆಸಬೇಕು, ಒಲೆ ಆರಿಸಿ ಮನೆ ಖಾಲಿ ಮಾಡಿಸಬೇಕು, ಸೋರಿಕೆ ಇದ್ದರೆ ನೀರಿನ ತುಂತುರು ನಿಲ್ಲಿಸದೆ ಹೊಡೆಯುತ್ತಿರಬೇಕು, ಕಂಪನಿಯ ತಜ್ಞರು ಬಂದು ಅನಿಲವನ್ನು ಬೇರೆ ಟ್ಯಾಂಕರುಗಳಿಗೆ ತುಂಬಿಸುವವರೆಗೆ ಫೈರ್ ಫೋರ್ಸು ಕದಲುವಂತಿಲ್ಲ. ಎರಡು ಮೂರು ಠಾಣೆಯ ಗಾಡಿಗಳು ಅಲ್ಲಿ ನಿಂತರೆ ಆ ಹೊತ್ತು ಉಪ್ಪಳದಿಂದ ತ್ರಿಕರಿಪುರದವರೆಗೆ ಬೇರೆ ಬೆಂಕಿಗೆ ಗಾಡಿ ಕಡಿಮೆ. ಅಪಾಯಕಾರಿ ವಸ್ತು ಸಾಗಿಸಿ ಲಾಭ ಮಾಡುವವರು ವಿಮೆ ಹೊಂದಿರಲೇಬೇಕೆಂದು 1991ರ ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಾಯ್ದೆ ಹೇಳುತ್ತದೆ. ಆ ದಿನದ ಅಗ್ನಿಶಾಮಕದ ಪೂರ್ತಿ ಖರ್ಚು ಅಂಥವರ ಲೆಕ್ಕಕ್ಕೆ ಹೋಗಲಿ.

ಉತ್ಸವ, ಸಮಾವೇಶಗಳಿಗೂ ಹಾಗೆಯೇ. 2024ರ ಅಕ್ಟೋಬರಿನಲ್ಲಿ ನೀಲೇಶ್ವರದ ಕಾವಿನಲ್ಲಿ, ಅಂದರೆ ದೈವಸ್ಥಾನದಲ್ಲಿ, ತೆಯ್ಯಂ ಕೋಲ ನಡೆಯುವಾಗ ಪಟಾಕಿ ದಾಸ್ತಾನು ಸಿಡಿದು 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಕೆಲವರು ಉಳಿಯಲಿಲ್ಲ. ಮುಂಚಿತವಾಗಿ ಗೊತ್ತಿರುವ ಅಪಾಯಕ್ಕೆ ಫೈರ್ ಎಂಜಿನ್ನು ನಿಲ್ಲಿಸಿಕೊಳ್ಳಲು ಶುಲ್ಕ ಕಟ್ಟುವುದು ಸಂಘಟಕರ ಕರ್ತವ್ಯ. ತುರ್ತಲ್ಲದ ಕೆಲಸಕ್ಕೆ, ಉದಾಹರಣೆಗೆ ಕಟ್ಟಡದ ನೆಲಮಾಳಿಗೆಯ ನೀರು ಪಂಪು ಮಾಡಿಸುವುದಕ್ಕೆ, ಹಣ ಪಡೆಯುವುದರಲ್ಲೂ ತಪ್ಪಿಲ್ಲ.

ರಸ್ತೆ ಅಪಘಾತದಲ್ಲಿ ದಾರಿ ಆಗಲೇ ಬಿದ್ದಿದೆ, ಬಳಸುವವರು ಕಡಿಮೆ. ಮೋಟಾರು ವಾಹನ ಕಾಯ್ದೆಯ 162ನೇ ಸೆಕ್ಷನಿನಡಿ 2025ರ ಮೇ 5ರಂದು ಹೊರಬಂದ ನಗದುರಹಿತ ಚಿಕಿತ್ಸೆಯ ಯೋಜನೆಯಂತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಯಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕದ ಚಿಕಿತ್ಸೆ ಸಿಗಬೇಕು. ಹಣ ಬರುವುದು ವಿಮಾ ಕಂಪನಿಗಳ ಮತ್ತು ಸರಕಾರದ ನಿಧಿಯಿಂದ. ಇಲ್ಲಿ ಎಡವುವುದು ಪೊಲೀಸರಿಗೆ ಸುದ್ದಿ ಹೋಗದಿರುವಲ್ಲಿ. ಅಪಘಾತವೆಂದು ಪೊಲೀಸರು ದಾಖಲಿಸಿದರೆ ಮಾತ್ರ ಆಸ್ಪತ್ರೆಯ ಬಿಲ್ಲು ಆ ನಿಧಿಗೆ ಹೋಗುತ್ತದೆ. "ಕೇಸು ಯಾಕೆ, ರಾಜಿ ಮಾಡಿಕೊಳ್ಳೋಣ" ಎಂದು ಗಾಯಾಳುವನ್ನು ಆಟೋದಲ್ಲಿ ಹಾಕಿ ಕಳುಹಿಸಿದರೆ ಬಿಲ್ಲು ಮನೆಯವರ ತಲೆಗೆ. ಅದಕ್ಕೇ ಮೊದಲು 112. ಕರೆದೊಯ್ದವನನ್ನು ಸಾಕ್ಷಿಯಾಗಲು ಒತ್ತಾಯಿಸುವಂತಿಲ್ಲ, ಅದೇ ಕಾಯ್ದೆಯ 134ಎ ಸೆಕ್ಷನ್ ಅವನನ್ನು ಕಾಯುತ್ತದೆ. ಗರ್ಭಿಣಿಯರಿಗೂ ಒಂದು ವರ್ಷದೊಳಗಿನ ಕಾಯಿಲೆಯ ಶಿಶುಗಳಿಗೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಮನೆಯಿಂದ ಸರಕಾರಿ ಆಸ್ಪತ್ರೆಗೆ, ಅಲ್ಲಿಂದ ರೆಫರ್ ಮಾಡಿದ ಆಸ್ಪತ್ರೆಗೆ, ಮತ್ತೆ ಮನೆಗೆ ವಾಹನ ಉಚಿತ. ರೆಫರ್ ಚೀಟಿ ಬರೆಯುವಾಗಲೇ ಕೇಳಿ, ಗಾಡಿ ಹತ್ತಿದ ಮೇಲೆ ಕೇಳಿದರೆ ತಡವಾಯಿತು.

ಉಳಿದದ್ದು ಮಂಗಳೂರಿನ ಆ 50 ಕಿಲೋಮೀಟರ್. ಇಂದು ಅದನ್ನು ತುಂಬುತ್ತಿರುವುದು ಊರಿನ ಯುವಕ ಸಂಘಗಳು, ಮಸೀದಿ ಕಮಿಟಿಗಳು, ಸಹಕಾರಿ ಬ್ಯಾಂಕುಗಳು ಚಂದಾ ಎತ್ತಿ ಇಟ್ಟ ಆಂಬುಲೆನ್ಸುಗಳು. ನಡುರಾತ್ರಿ ಚಾಲಕನ ಸೀಟಿಗೆ ಹತ್ತುವ ಆ ಹುಡುಗರಿಗೆ ಈ ಜಿಲ್ಲೆ ಋಣಿ. ಆದರೆ ಸರಕಾರ ಅವರ ಹೆಗಲ ಮೇಲೆ ಕೈಯಿಟ್ಟು ಸುಮ್ಮನೆ ಕೂರುವಂತಿಲ್ಲ. ರೆಫರ್ ಚೀಟಿಯಲ್ಲಿ ಡಾಕ್ಟರು ಬೇಕಾದ ಗಾಡಿಯ ದರ್ಜೆ ಬರೆಯಲಿ: ಬಿ, ಸಿ ಅಥವಾ ಡಿ. ಆ ದರ್ಜೆಗೆ ಕೇರಳ ನಿಗದಿ ಮಾಡಿದ ದರವನ್ನೇ ಆಸ್ಪತ್ರೆಯು ಗಾಡಿಯವರಿಗೆ ಕೊಡಲಿ. ಗಡಿ ದಾಟಿದ ಭಾಗವನ್ನು ಎರಡು ರಾಜ್ಯಗಳು ತಿಂಗಳ ಕೊನೆಗೆ ತಮ್ಮೊಳಗೆ ಲೆಕ್ಕ ಮಾಡಿಕೊಳ್ಳಲಿ. 6,500 ರೂಪಾಯಿಯಂತೆ ದಿನಕ್ಕೆ ಹತ್ತು ರೋಗಿಗಳೆಂದು ಹಿಡಿದರೂ ವರ್ಷಕ್ಕೆ 2.37 ಕೋಟಿ. ಗ್ರಾಮಸಭೆಯಲ್ಲಿ ಈ ಮಾತು ಎತ್ತುವವರು ಮೂರು ಕಾಗದ ಹಿಡಿದು ಹೋಗಿ: ದರಪಟ್ಟಿ, ನಿಮ್ಮ ವಾರ್ಡಿನಿಂದ ಕಳೆದ ವರ್ಷ ಮಂಗಳೂರಿಗೆ ಒಯ್ದ ರೋಗಿಗಳ ಸಂಖ್ಯೆ, ಅವರು ಕೊಟ್ಟ ರಶೀದಿಗಳ ಪ್ರತಿ. ನಿರ್ಣಯ ಪುಸ್ತಕದಲ್ಲಿ ಅಂಕೆ ಸಹಿತ ಬರೆಸಿ, ಅದರ ನಕಲು ಪಡೆದೇ ಮನೆಗೆ ಬನ್ನಿ.